ಇಸ್ತ್ರಿ ಮಾಮನ ಜೊತೆ ಪೀಣ್ಯಕ್ಕೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. ಅವರು ಶಾಲೆಗೆ ಹೋಗುತ್ತಿದ್ದಾಗ ಬಟ್ಟೆಗೆ ಇಸ್ತ್ರಿ ಹೇಗೆ ಮಾಡಿಕೊಳ್ಳುತ್ತಿದ್ದರು?

ನನ್ನನ್ನು ಕೇಳಿದರೆ ನಗು ಬರುವಂಥ ಉತ್ತರ ಸಿಗುತ್ತದೆ. ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಹಿತ್ತಾಳೆ ಚೊಂಬಿಗೆ ಒಲೆಯ ಕೆಂಡ ತುಂಬಿ, ಅದರ ಕಂಠವನ್ನು ಇಕ್ಕಳದಲ್ಲಿ ಹಿಡಿದು ಲಂಗದ ಮೇಲೆ ಉಜ್ಜುತ್ತಿದ್ದೆವು. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಲಂಗವನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು ಅದರ ಮೇಲೇ ಮಲಗುತ್ತಿದ್ದೆವು. ಬೆಳಿಗ್ಗೆ ನೆರಿಗೆ ಸರಿಯಾಗಿ ಬಿದ್ದಿದ್ದರೆ ನಮ್ಮ ಪುಣ್ಯ. ರಾತ್ರಿ ಹೊರಳಾಡಿದ್ದರೆ ಆ ದಿನ ಸುಕ್ಕು ಲಂಗವೇ ಗತಿ!

ನನ್ನ ಮೊಮ್ಮಗಳು ಪುಟ್ಟಿಗೆ ಈ ಕಷ್ಟವಿಲ್ಲ. ಮಲ್ಲೇಶ್ವರದ ನಮ್ಮ ಮನೆಯ ಕಾಂಪೌಂಡಿನ ಆಚೆ, ಹೊಂಗೆ ಮರದ ನೆರಳಿನಲ್ಲಿ ಒಂದು ತಳ್ಳುಗಾಡಿ ನಿಂತಿದೆ. ಅದು ಇಸ್ತ್ರಿ ಅಣ್ಣನ ಗಾಡಿ. ಪುಟ್ಟಿಗೆ ಅವರು ಇಸ್ತ್ರಿ ಮಾಮ. ಗಾಡಿಯ ಒಂದು ಮೂಲೆಯಲ್ಲಿ ಮಡಿವಾಳ ಮಾಚಿದೇವರ ಪಟ, ಇನ್ನೊಂದು ಮೂಲೆಯಲ್ಲಿ ಇದ್ದಿಲ ಚೀಲ, ನಡುವೆ ಏಳು ಕಿಲೋ ತೂಗುವ ಹಿತ್ತಾಳೆ ಪೆಟ್ಟಿಗೆ. ಅವರ ತಂದೆ ಬಳಸುತ್ತಿದ್ದ ಪೆಟ್ಟಿಗೆಯದು. ದಿನಕ್ಕೆ ಐವತ್ತು ಅರವತ್ತು ಬಟ್ಟೆ ಅದರ ಕೆಳಗೆ ಹಾದುಹೋಗುತ್ತವೆ.

ಅವರಲ್ಲಿ ನನಗೆ ಸಿಟ್ಟು ತರಿಸುತ್ತಿದ್ದ ಒಂದೇ ಒಂದು ಅಭ್ಯಾಸವಿತ್ತು. ಎಷ್ಟೇ ಅವಸರವಿದ್ದರೂ ಬಿಸಿ ಬಟ್ಟೆ ಕೈಗೆ ಕೊಡುತ್ತಿರಲಿಲ್ಲ. ಶಾಲೆಯ ವ್ಯಾನ್ ಬಂದು ನಿಂತು ಹಾರನ್ ಹೊಡೆಯುತ್ತಿದ್ದರೂ ಅವರ ಮಾತು ಒಂದೇ: “ಆರಲಿ ಬಿಡಿ, ಟೀಚರಮ್ಮ.”

ಬೇಕೆಂದೇ ತಡ ಮಾಡುತ್ತಾರೆ ಎಂದುಕೊಳ್ಳುತ್ತಿದ್ದೆ. ಅದು ನನ್ನ ತಪ್ಪು ಎಂದು ತಿಳಿದದ್ದು ಕಳೆದ ದಸರಾ ರಜೆಯಲ್ಲಿ, ಪೀಣ್ಯಕ್ಕೆ ಹೋದಾಗ.

ಇಸ್ತ್ರಿ ಅಣ್ಣನ ಮಗಳು ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೊಲಿದು ಮುಗಿದ ಅಂಗಿಗಳಿಗೆ ಇಸ್ತ್ರಿ ಹಾಕಿ, ಮಡಿಸಿ, ಪೆಟ್ಟಿಗೆಗೆ ತುಂಬುವ ಫಿನಿಶಿಂಗ್ ವಿಭಾಗ ಅವಳದು. ಆಯುಧಪೂಜೆಯ ರಜೆಗೆ ಹಿಂದಿನ ದಿನ ಅಲ್ಲಿ ಯಂತ್ರಗಳಿಗೆ ಪೂಜೆ. ಅಂದು ಕೆಲಸಗಾರರ ಮನೆಯವರೂ ಒಳಗೆ ಬಂದು ನೋಡಬಹುದು. ಮಗಳು ಪ್ರತಿ ವರ್ಷ ಕರೆಯುತ್ತಿದ್ದಳು, ಅಪ್ಪ ಹೋಗುತ್ತಿರಲಿಲ್ಲ.

ಕಳೆದ ವರ್ಷ ಮಾತ್ರ ಅವರೇ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಬಲ ಭುಜ ಹಿಡಿದುಕೊಂಡಿದ್ದರು. ಕೆಲವು ತಿಂಗಳಿಂದ ಆ ಭುಜ ನೋಯುತ್ತಿತ್ತು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಗಾಡಿ ಮುಚ್ಚಿಬಿಡು ಅಪ್ಪ ಎಂದು ಮಗಳೂ ಹೇಳಿದ್ದಳು.

“ಟೀಚರಮ್ಮ, ನಾಳೆ ಪುಟ್ಟಿನ ಕರ್ಕೊಂಡು ನೀವೂ ಬನ್ನಿ. ನಿಮಗೆ ಇಂಥದ್ದೆಲ್ಲ ನೋಡೋದು ಇಷ್ಟ. ನನ್ನನ್ನ ಮನೆಗೆ ಕಳಿಸೋ ಯಂತ್ರ ಯಾವುದು ಅಂತ ನಾನೂ ಒಂದು ಸಲ ನೋಡ್ಬಿಡ್ತೀನಿ” ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಮರುದಿನ ಸಂಪಿಗೆ ರಸ್ತೆಯಲ್ಲಿ ನಾವು ಮೂವರೂ ಹಸಿರು ಮಾರ್ಗದ ಮೆಟ್ರೊ ಹತ್ತಿದೆವು. ಪೀಣ್ಯ ಇಂಡಸ್ಟ್ರಿ ಅಲ್ಲಿಂದ ಒಂಬತ್ತನೆಯ ನಿಲ್ದಾಣ. ಶ್ರೀರಾಂಪುರದ ಹತ್ತಿರ ಕಿಟಕಿಯಿಂದ ನೋಡಿದರೆ ಮನೆಗಳ ಮಾಳಿಗೆಯ ತುಂಬ ಬಟ್ಟೆಗಳೇ ಬಟ್ಟೆಗಳು. “ಅಜ್ಜಿ, ಎಲ್ಲಾ ಸುಕ್ಕು ಸುಕ್ಕು!” ಎಂದಳು ಪುಟ್ಟಿ. “ಹೂಂ, ಎಲ್ಲಾ ನನ್ನ ಗಿರಾಕಿಗಳೇ” ಎಂದರು ಇಸ್ತ್ರಿ ಮಾಮ. ಮೈಸೂರು ಸ್ಯಾಂಡಲ್ ಸೋಪ್ ತಯಾರಾಗುವ ಕಾರ್ಖಾನೆಯ ಹೆಸರಿನ ನಿಲ್ದಾಣ ಬಂತು. ಬಾಗಿಲು ತೆರೆದಾಗ ಪುಟ್ಟಿ ಮೂಗರಳಿಸಿ ಗಂಧದ ವಾಸನೆ ಹುಡುಕಿದಳು. ಯಶವಂತಪುರ, ಗೊರಗುಂಟೆಪಾಳ್ಯ ದಾಟಿತು. ಪೀಣ್ಯ ಬಂದಾಗ ಮಾಳಿಗೆಗಳ ಜಾಗದಲ್ಲಿ ತಗಡಿನ ಚಾವಣಿಗಳು ಕಂಡವು. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಪೀಣ್ಯವೂ ಒಂದು. ಮೊಳೆ, ನಟ್ಟು, ಬೋಲ್ಟಿನಿಂದ ಹಿಡಿದು ಅಂಗಿ ಚಡ್ಡಿಯವರೆಗೆ ಇಲ್ಲಿ ತಯಾರಾಗದ ವಸ್ತು ಕಡಿಮೆ.

ಅಂದು ಇಡೀ ಪೀಣ್ಯವೇ ಮದುವೆ ಮನೆಯಂತಿತ್ತು. ಗೇಟು ಗೇಟಿಗೂ ಬಾಳೆಕಂದು, ಮಾವಿನ ತೋರಣ, ಚೆಂಡು ಹೂವಿನ ಮಾಲೆ. ರಸ್ತೆಯಲ್ಲಿ ಒಡೆದ ಬೂದುಗುಂಬಳಕಾಯಿಯ ಹೋಳುಗಳು. ಲಾರಿಗಳ ಮೂತಿಗೂ ಅರಿಶಿನ ಕುಂಕುಮ. ನಾವು ಹೋದ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಸಾಲುಗಳಿಗೆಲ್ಲ ಹೂವು ಮುಡಿಸಿದ್ದರು. ಹೊಸ ಸೀರೆ ಉಟ್ಟ ಹೆಣ್ಣುಮಕ್ಕಳು ತಮ್ಮ ತಮ್ಮ ಯಂತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಮಂಗಳಾರತಿಯಾಗಿ, ಕಡಲೆಪುರಿ ಪೊಟ್ಟಣ ಕೈಗೆ ಬಂದ ಮೇಲೆ ಇಸ್ತ್ರಿ ಅಣ್ಣನ ಮಗಳು ನಮ್ಮನ್ನು ತನ್ನ ವಿಭಾಗಕ್ಕೆ ಕರೆದೊಯ್ದಳು. ಬಂದವರಿಗೆ ತೋರಿಸಲೆಂದು ಅರ್ಧ ಗಂಟೆ ಯಂತ್ರಗಳನ್ನು ಓಡಿಸುವವರಿದ್ದರು.

ಒಳಗೆ ಹೋಗುತ್ತಿದ್ದಂತೆ ಮುಖಕ್ಕೆ ಬಿಸಿ ರಾಚಿತು. ಚಾವಣಿಯ ಕೆಳಗೆ ಬೆಳ್ಳಿಯಂತೆ ಹೊಳೆಯುವ ತಗಡು ಹೊದ್ದ ಕೊಳವೆಗಳು ಹರಿದಿದ್ದವು.

“ಅದರೊಳಗೆ ಏನಿದೆ ಅಕ್ಕ?” ಎಂದಳು ಪುಟ್ಟಿ.

“ಹಬೆ. ಆಚೆ ಕಡೆ ಬಾಯ್ಲರ್ ಇದೆ. ಮನೆ ಕುಕ್ಕರ್ ಒಳಗೆ ಹಬೆ ಸುಮಾರು 120 ಡಿಗ್ರಿ ಬಿಸಿ ಇರುತ್ತೆ. ಇದು 150ರ ಹತ್ತಿರ. ಅದಕ್ಕೇ ಕೊಳವೆಗೆ ಕಂಬಳಿ ಹೊದಿಸಿದ್ದೀವಿ, ಮೇಲೆ ತಗಡು. ಮುಟ್ಟಬೇಡ.”

ಮೊದಲು ಕಂಡದ್ದು ಉದ್ದ ಸಾಲಿನ ಮೇಜುಗಳು. ಪ್ರತಿ ಮೇಜಿನ ಮೇಲೂ ಒಂದು ಇಸ್ತ್ರಿ ಪೆಟ್ಟಿಗೆ. ಅದಕ್ಕೆ ಮೇಲಿನಿಂದ ಇಳಿಬಿದ್ದ ಹಬೆಯ ಕೊಳವೆ. ಪೆಟ್ಟಿಗೆಯ ಅಡಿಗೆ ಬಿಳಿ ಹಲಗೆಯಂಥದ್ದೇನೋ ಕಟ್ಟಿತ್ತು. ಟೆಫ್ಲಾನ್ ಪಾದ ಎಂದಳು ಮಗಳು. ಬಿಸಿ ಲೋಹ ನೇರವಾಗಿ ತಗುಲಿದರೆ ಕಪ್ಪು ಬಟ್ಟೆಯ ಮೇಲೆ ಮಿಂಚು ಮಿಂಚಾದ ಕಲೆ ಬೀಳುತ್ತದೆ, ಅದಕ್ಕೆ ಈ ಪಾದ. “ಅಂದ್ರೆ ಇಸ್ತ್ರಿ ಪೆಟ್ಟಿಗೆಗೆ ಚಪ್ಪಲಿ!” ಎಂದು ಪುಟ್ಟಿ ಕುಣಿದಳು.

ಇಸ್ತ್ರಿ ಅಣ್ಣ ಅದನ್ನು ಎತ್ತಿ ನೋಡಿದರು. ಮತ್ತೆ ಇಟ್ಟರು. ಮತ್ತೆ ಎತ್ತಿದರು.

“ಇದು ಎರಡು ಕಿಲೋನೂ ಇಲ್ವಲ್ಲಮ್ಮ! ಇದರಲ್ಲಿ ಸುಕ್ಕು ಹೋಗುತ್ತಾ?”

“ನೋಡಪ್ಪ” ಎಂದು ಮಗಳು ಮುದುಡಿದ ಒಂದು ಹತ್ತಿ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಪೆಟ್ಟಿಗೆಯ ಗುಂಡಿ ಒತ್ತಿದಳು. ‘ಭುಸ್’ ಎಂದು ಹಬೆ ಬಟ್ಟೆಯೊಳಗೆ ಇಳಿಯಿತು. ಹಗುರವಾಗಿ ಒಮ್ಮೆ ಎಳೆದಳು. ಆಮೇಲೆ ಕಾಲಿನಿಂದ ಒಂದು ಪೆಡಲ್ ತುಳಿದಳು. ಮೇಜಿನ ಕೆಳಗಿನ ಫ್ಯಾನು ಗುಂಯ್‌ಗುಟ್ಟಿತು. ಅಂಗಿ ಮೇಜಿಗೆ ಅಂಟಿದ ಹಾಗೆ ಚಪ್ಪಟೆಯಾಗಿ ಮಲಗಿತು. ಪುಟ್ಟಿ ಮೇಜಿನ ಅಂಚಿನಲ್ಲಿ ಕೈ ಇಟ್ಟಳು, ಗಾಳಿ ಕೆಳಕ್ಕೆ ಎಳೆಯುತ್ತಿತ್ತು. ಮೇಜಿನ ಮೇಲ್ಭಾಗದ ತುಂಬ ಸಣ್ಣ ಸಣ್ಣ ತೂತುಗಳಿವೆ. ಕೆಳಗಿನ ಫ್ಯಾನು ಆ ತೂತುಗಳ ಮೂಲಕ ಹಬೆಯನ್ನು ಹೀರಿಕೊಳ್ಳುತ್ತದೆ. ಇದಕ್ಕೆ ವ್ಯಾಕ್ಯೂಮ್ ಟೇಬಲ್ ಎನ್ನುತ್ತಾರೆ.

“ಹಬೆ ಕೊಟ್ಟಿದ್ದೂ ನೀನೇ, ಮತ್ತೆ ವಾಪಸ್ ಎಳ್ಕೊಳ್ಳೋದೂ ನೀನೇ. ಇದ್ಯಾವ ಲೆಕ್ಕ?” ಎಂದು ನಾನು ಕೇಳಿದೆ.

“ಆರಬೇಕಲ್ಲ ಟೀಚರಮ್ಮ! ಬಿಸಿಯಲ್ಲೇ ಎತ್ತಿದರೆ ಮತ್ತೆ ಸುಕ್ಕು ಬೀಳುತ್ತೆ. ಸುಕ್ಕು ಹೋಗೋದು ಬಿಸಿಯಲ್ಲಿ, ಹೋದ ಸುಕ್ಕು ವಾಪಸ್ ಬರದೇ ಇರೋದು ಆರಿದ ಮೇಲೆ.”

ನಾನು ಇಸ್ತ್ರಿ ಅಣ್ಣನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷ ನಮ್ಮ ಗೇಟಿನ ಮುಂದೆ ಅವರು ಹೇಳುತ್ತಿದ್ದ ಮಾತನ್ನೇ ಈ ಮೇಜು ಫ್ಯಾನು ಹಾಕಿ ಹೇಳುತ್ತಿತ್ತು.

ಇದು ಹೇಗೆ ಎಂದು ಪುಟ್ಟಿಗೆ ಅಲ್ಲೇ ವಿವರಿಸಿದೆ. ನಿಮಗೂ ಹೇಳುತ್ತೇನೆ, ಕೇಳಿ. ಹತ್ತಿಯ ಎಳೆಯನ್ನು ಸೀಳುತ್ತಾ ಹೋದರೆ ಕೊನೆಗೆ ಸಿಗುವುದು ಸೆಲ್ಯುಲೋಸ್ ಎಂಬ ವಸ್ತುವಿನ ಉದ್ದುದ್ದ ಸರಪಳಿಗಳು. ಶಾಲೆಯ ಮೈದಾನದಲ್ಲಿ ಸಾಲು ಸಾಲಾಗಿ ನಿಂತು ಪಕ್ಕದ ಸಾಲಿನವರ ಕೈ ಹಿಡಿದುಕೊಂಡ ಮಕ್ಕಳನ್ನು ನೆನೆಸಿಕೊಳ್ಳಿ. ಈ ಸರಪಳಿಗಳೂ ಹಾಗೆಯೇ ಒಂದರ ಕೈ ಒಂದು ಹಿಡಿದಿರುತ್ತವೆ. ನೀರು ಒಳಗೆ ಬಂದರೆ ಆ ಹಿಡಿತ ಸಡಿಲವಾಗುತ್ತದೆ. ಬಿಸಿಯೂ ಸೇರಿದರೆ ಇನ್ನೂ ಸಡಿಲ. ಆಗ ಸಾಲುಗಳು ಅತ್ತಿತ್ತ ಸರಿಯಬಹುದು. ನೀರು ಹೋಗಿ ತಣ್ಣಗಾದ ಕೂಡಲೇ ಇದ್ದಲ್ಲೇ ಮತ್ತೆ ಕೈ ಹಿಡಿಯುತ್ತವೆ. ಮುದುಡಿದಾಗ ಒಣಗಿದರೆ ಮುದುಡಿಕೊಂಡೇ ಕೈ ಹಿಡಿಯುತ್ತವೆ, ಅದೇ ಸುಕ್ಕು. ಚಪ್ಪಟೆಯಾಗಿ ಹರಡಿದಾಗ ಒಣಗಿದರೆ ಚಪ್ಪಟೆಯಾಗಿಯೇ ಕೈ ಹಿಡಿಯುತ್ತವೆ, ಅದೇ ಇಸ್ತ್ರಿ.

ಹಾಗಾದರೆ ಇಸ್ತ್ರಿಗೆ ಬೇಕಾದದ್ದು ನಾಲ್ಕು: ನೀರು, ಬಿಸಿ, ಸ್ವಲ್ಪ ಒತ್ತಡ, ಆಮೇಲೆ ಆರುವುದಕ್ಕೆ ಸಮಯ. ಯಂತ್ರ ಎಷ್ಟೇ ದೊಡ್ಡದಿರಲಿ, ಈ ನಾಲ್ಕನ್ನು ಬಿಟ್ಟು ಐದನೆಯದು ಅದರಲ್ಲಿಲ್ಲ. ಇಸ್ತ್ರಿ ಅಣ್ಣ ಚೊಂಬಿನಿಂದ ನೀರು ಚಿಮುಕಿಸುವುದು, ಕೆಂಡ ಊದುವುದು, ಪೆಟ್ಟಿಗೆ ಒತ್ತುವುದು, ‘ಆರಲಿ ಬಿಡಿ’ ಎನ್ನುವುದು, ಎಲ್ಲವೂ ಇದೇ ಲೆಕ್ಕ.

ಮುಂದೆ ಒಂದು ತಮಾಷೆಯ ಯಂತ್ರವಿತ್ತು. ತಲೆಯಿಲ್ಲದ ಗೊಂಬೆ. ಅದಕ್ಕೆ ಒಂದು ಅಂಗಿ ತೊಡಿಸಿ, ತೋಳಿನ ತುದಿಗಳನ್ನು ಹಿಡಿಕೆಗಳಿಗೆ ಸಿಕ್ಕಿಸಿದರು. ಗುಂಡಿ ಒತ್ತಿದ ಕೂಡಲೇ ಗೊಂಬೆಯ ಹೊಟ್ಟೆಯೊಳಗಿಂದ ಹಬೆ, ಆಮೇಲೆ ಬಿಸಿ ಗಾಳಿ. ಅಂಗಿ ಪೂರಿಯ ಹಾಗೆ ಉಬ್ಬಿತು! ಒಂದು ನಿಮಿಷವೂ ಆಗಿರಲಿಲ್ಲ, ಬೆನ್ನು, ಎದೆ, ತೋಳು ಎಲ್ಲ ನೀಟು. ಪುಟ್ಟಿ ಮೂರು ಸಲ ಮಾಡಿಸಿದಳು.

ಅದರ ಪಕ್ಕದಲ್ಲಿ ಕಾಲರಿಗೂ ತೋಳಪಟ್ಟಿಗೂ ಬೇರೆ ಪ್ರೆಸ್. ಬಿಸಿಯಾದ ಎರಡು ಲೋಹದ ಅಚ್ಚುಗಳು ಬಾಯಿ ಮುಚ್ಚಿದ ಹಾಗೆ ಒಂದರ ಮೇಲೊಂದು ಬರುತ್ತವೆ. ಪುಟ್ಟಿಯ ಕಣ್ಣು ಚುರುಕು.

“ಅಕ್ಕ, ಇದಕ್ಕೆ ಯಾಕೆ ಎರಡು ಗುಂಡಿ? ಅದೂ ಒಂದು ಈ ಕಡೆ, ಒಂದು ಆ ಕಡೆ?”

“ಎರಡನ್ನೂ ಒಟ್ಟಿಗೇ ಒತ್ತಿದರೆ ಮಾತ್ರ ಇದು ಮುಚ್ಚುತ್ತೆ. ನಿನಗೆ ಎಷ್ಟು ಕೈ?”

“ಎರಡು.”

“ಎರಡೂ ಗುಂಡಿ ಮೇಲಿದ್ದರೆ, ಪ್ರೆಸ್ ಒಳಗೆ ಯಾವ ಕೈ ಇರುತ್ತೆ?”

ಪುಟ್ಟಿ ಒಂದು ಕ್ಷಣ ಯೋಚಿಸಿ, “ಯಾವುದೂ ಇಲ್ಲ!” ಎಂದಳು. ಇಸ್ತ್ರಿ ಅಣ್ಣ ಮೌನವಾಗಿ ತಮ್ಮ ಎಡ ಮುಂಗೈ ನೋಡಿಕೊಂಡರು. ಅಲ್ಲಿ ಹೆಬ್ಬೆರಳುದ್ದದ ಸುಟ್ಟ ಗಾಯದ ಹಳೆಯ ಗುರುತಿದೆ. ಕೆಂಡದ ಪೆಟ್ಟಿಗೆಗೆ ಇಂಥ ಎರಡು ಗುಂಡಿಗಳಿಲ್ಲ.

ಕೊನೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಸುರಂಗ. ಉದ್ದನೆಯ ಉಕ್ಕಿನ ಕೋಣೆ. ಹ್ಯಾಂಗರಿಗೆ ತೂಗುಹಾಕಿದ ಟೀ ಶರ್ಟುಗಳು ಒಂದರ ಹಿಂದೆ ಒಂದು ತಾವೇ ನಡೆಯುತ್ತಾ ಒಳಗೆ ಹೋಗುತ್ತವೆ. ಮೊದಲ ಭಾಗದಲ್ಲಿ ಹಬೆ, ಆಮೇಲೆ ನೂರು ಡಿಗ್ರಿಗೂ ಮೀರಿದ ಬಿಸಿ ಗಾಳಿ ಮೇಲಿನಿಂದ ಜೋರಾಗಿ ಬೀಸಿ ಬಟ್ಟೆಯನ್ನು ಕೊಡವುತ್ತದೆ. ಕೆಲವೇ ನಿಮಿಷದಲ್ಲಿ ಇನ್ನೊಂದು ಬಾಯಿಂದ ಸುಕ್ಕಿಲ್ಲದೆ ಹೊರಗೆ. ಗಂಟೆಗೆ ನೂರಾರು ಬಟ್ಟೆ. ಯಾರೂ ಪೆಟ್ಟಿಗೆ ಹಿಡಿಯುವಂತಿಲ್ಲ, ಯಾರೂ ಉಜ್ಜುವಂತಿಲ್ಲ.

ಇಸ್ತ್ರಿ ಅಣ್ಣ ಅದರ ಮುಂದೆ ಬಹಳ ಹೊತ್ತು ನಿಂತರು. ಅವರು ದಿನವಿಡೀ ಮಾಡುವ ಕೆಲಸ ಅವರ ಕಣ್ಣೆದುರಿಗೇ ಕಡಲೆಪುರಿ ತಿಂದು ಮುಗಿಸುವಷ್ಟರಲ್ಲಿ ಮುಗಿದುಹೋಯಿತು. “ಇದೇ ನೋಡಿ ಟೀಚರಮ್ಮ, ನನ್ನನ್ನ ಮನೆಗೆ ಕಳಿಸೋದು” ಎಂದರು. ಈ ಸಲ ನಗಲಿಲ್ಲ.

ಮಗಳು ಏನೂ ಹೇಳದೆ ಸುರಂಗದ ಆಚೆ ಬಾಯಿಗೆ ಕರೆದೊಯ್ದಳು. ಅಲ್ಲಿ ಮತ್ತೆ ಒಂದು ಸಾಲು ಮೇಜು! ಕೈಯಲ್ಲಿ ಪೆಟ್ಟಿಗೆ ಹಿಡಿದ ಮೂವರು ಗಂಡಸರು. ಸುರಂಗ, ಗೊಂಬೆ, ಪ್ರೆಸ್ ಎಲ್ಲದರಿಂದ ಬಂದ ಬಟ್ಟೆಗಳೂ ಇವರ ಕೈ ದಾಟಿಯೇ ಪೆಟ್ಟಿಗೆಗೆ ಹೋಗಬೇಕು.

“ಸುರಂಗಕ್ಕೆ ಟೀ ಶರ್ಟ್ ಸುಲಭ. ಆದರೆ ಗುಂಡಿ ಪಟ್ಟಿ, ಜೇಬಿನ ಮೂಲೆ, ಭುಜದ ಹೊಲಿಗೆ ಅದಕ್ಕೆ ಸರಿಯಾಗಿ ಬರಲ್ಲ. ಅಲ್ಲಿ ಬಟ್ಟೆನ ಕೈಯಲ್ಲಿ ಹಿಡಿದು ಎಳೀಬೇಕು. ಎಷ್ಟು ಎಳೀಬೇಕು ಅನ್ನೋದು ಕೈಗೇ ಗೊತ್ತಾಗಬೇಕು. ನನಗೆ ಅದನ್ನ ಇಲ್ಲಿ ಯಾರೂ ಕಲಿಸಲಿಲ್ಲ ಅಪ್ಪ. ಚಿಕ್ಕೋಳಿದ್ದಾಗ ನಿನ್ನ ಗಾಡಿ ಪಕ್ಕ ಕೂತು ನೋಡಿದ್ದೆ ಅಷ್ಟೆ. ಹೊಸಬರು ಬಂದರೆ ಈಗ ನಾನೇ ಕಲಿಸ್ತೀನಿ.”

ಇಸ್ತ್ರಿ ಅಣ್ಣ ಒಂದು ಅಂಗಿ ಕೈಗೆತ್ತಿಕೊಂಡರು. ಕಾಲರನ್ನು ತುದಿಗಳಿಂದ ಒಳಮುಖವಾಗಿ, ಕುತ್ತಿಗೆಯ ನಡುವಿನ ಕಡೆಗೆ ಒತ್ತುತ್ತಾ ಬಂದರು. ಹಾಗೆ ಮಾಡಿದರೆ ಸುಕ್ಕು ತುದಿಗೆ ಬಂದು ನಿಲ್ಲುವುದಿಲ್ಲ. ಎರಡು ಕಿಲೋಗೂ ಕಡಿಮೆಯ ಪೆಟ್ಟಿಗೆ ಅವರ ಕೈಯಲ್ಲಿ ಹಕ್ಕಿಯ ಹಾಗೆ ಓಡಾಡಿತು. ಮುಗಿಸಿ, ಅಂಗಿಯನ್ನು ಎತ್ತಲು ಹೋದ ಪುಟ್ಟಿಗೆ ಹೇಳಿದರು: “ಆರಲಿ ಬಿಡು ಕಂದ.” ಆಮೇಲೆ ನೆನಪಾಗಿ ತಾವೇ ಪೆಡಲ್ ತುಳಿದರು. ಮೇಜಿನ ಸಾಲಿನ ಮೂವರೂ ನಕ್ಕರು.

ಅಲ್ಲಿನ ಕೆಲಸ ಸುಲಭ ಎಂದುಕೊಳ್ಳಬೇಡಿ ಮಕ್ಕಳೇ. ದಿನವಿಡೀ ನಿಂತೇ ಇರಬೇಕು, ಸುತ್ತಲೂ ಹಬೆಯ ಸೆಕೆ. ನೀವು ಹೊಸ ಅಂಗಿಯ ಪೊಟ್ಟಣ ಬಿಚ್ಚಿದಾಗ ಒಂದೂ ಸುಕ್ಕಿಲ್ಲದೆ ಹೊಳೆಯುತ್ತದಲ್ಲ, ಅದರ ಹಿಂದೆ ಹೀಗೆ ನಿಂತ ಯಾರದೋ ಕಾಲುಗಳಿವೆ.

ವಾಪಸ್ ಬರುವಾಗ ಮೆಟ್ರೊದಲ್ಲಿ ಮೇಷ್ಟರ ಬುದ್ಧಿ ಬಿಡಲಿಲ್ಲ, ಒಂದು ಪಾಠ ಮಾಡಿದೆ. ನಮ್ಮ ಮಾಚಿದೇವರು ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುತ್ತಿದ್ದದ್ದು 12ನೇ ಶತಮಾನದಲ್ಲಿ. ಅದೇ ಶತಮಾನದ ಮೊದಲ ಭಾಗದಲ್ಲಿ ಚೀನಾದ ಅರಮನೆಯಲ್ಲಿ ರೇಷ್ಮೆಯ ಮೇಲೆ ಬರೆದ ಒಂದು ಚಿತ್ರ ಈಗ ಅಮೆರಿಕದ ಬಾಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಹೆಂಗಸರು ಹೊಸ ರೇಷ್ಮೆ ಬಟ್ಟೆಯನ್ನು ಎರಡೂ ಕಡೆಯಿಂದ ಎಳೆದು ಹಿಡಿದಿದ್ದಾರೆ, ಒಬ್ಬಳು ಕೆಂಡ ತುಂಬಿದ ಹಿಡಿಕೆಯ ಬಾಣಲೆಯನ್ನು ಅದರ ಮೇಲೆ ಆಡಿಸುತ್ತಿದ್ದಾಳೆ. ನನ್ನ ಹಿತ್ತಾಳೆ ಚೊಂಬಿನ ಅಕ್ಕ ಅದು! ಆಮೇಲೆ 1882ರಲ್ಲಿ ನ್ಯೂಯಾರ್ಕಿನ ಹೆನ್ರಿ ಸೀಲಿ ಎಂಬಾತ ವಿದ್ಯುತ್ತಿನ ಇಸ್ತ್ರಿ ಪೆಟ್ಟಿಗೆಗೆ ಪೇಟೆಂಟ್ ಪಡೆದ.

ಇಸ್ತ್ರಿ ಅಣ್ಣ ಕೇಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಬೇರೇನೋ ಯೋಚಿಸುತ್ತಿದ್ದರು. ಮಹಾಕವಿ ಕುವೆಂಪು ರಸ್ತೆ ನಿಲ್ದಾಣ ಬಂದಾಗ ಮಾತನಾಡಿದರು.

“ಟೀಚರಮ್ಮ, ಭಾರ ಇದ್ರೇನೇ ಇಸ್ತ್ರಿ ಅಂತ ನಮ್ಮಪ್ಪ ಹೇಳ್ತಿದ್ರು. ನಾನೂ ನಂಬಿದ್ದೆ. ಭಾರ ಅಲ್ಲ, ಹಬೆ. ಒದ್ದೆ ಬಟ್ಟೆ ಮೇಲಿಟ್ಟು ಹಗುರ ಪೆಟ್ಟಿಗೆಯಲ್ಲಿ ಎಳೆದರೂ ಹಬೆ ಬರುತ್ತಲ್ಲ?”

“ಬರುತ್ತೆ ಅಣ್ಣ.”

“ಹಾಗಾದ್ರೆ ಇಷ್ಟು ವರ್ಷ ಈ ಭುಜಕ್ಕೆ ಸುಮ್ಮನೆ ಶಿಕ್ಷೆ ಕೊಟ್ಟೆ.”

ಗಾಡಿ ಈಗಲೂ ಹೊಂಗೆ ಮರದ ಕೆಳಗೇ ಇದೆ. ಅದರ ಮೇಲೆ ಮಗಳು ಕೊಡಿಸಿದ ಹಗುರವಾದ ಕರೆಂಟ್ ಪೆಟ್ಟಿಗೆ. ನಮ್ಮ ಮನೆಯ ಪ್ಲಗ್ಗಿನಿಂದ ವೈರು ಎಳೆದುಕೊಂಡಿದ್ದಾರೆ. ಬೇಡವೆಂದರೂ ಕೇಳದೆ ತಿಂಗಳು ತಿಂಗಳು ಬಿಲ್ಲಿನಲ್ಲಿ ತಮ್ಮ ಪಾಲು ತಂದುಕೊಡುತ್ತಾರೆ. ಬಟ್ಟೆ ದಿನಕ್ಕೆ ಮೂವತ್ತೇ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಭುಜ ಪೂರ್ತಿ ಸರಿಯಾಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದಂತೆ. ಹಳೆಯ ಹಿತ್ತಾಳೆ ಪೆಟ್ಟಿಗೆ ಮಾಚಿದೇವರ ಪಟದ ಕೆಳಗೆ ಕುಳಿತಿದೆ. ಆಯುಧಪೂಜೆಯ ಕುಂಕುಮ ಅದಕ್ಕೇ ಮೊದಲು.

ಮಕ್ಕಳೇ, ನಿಮಗೆ ಎರಡು ಕೆಲಸ ಕೊಡುತ್ತೇನೆ. ಒಂದು: ನಿಮ್ಮ ಅಂಗಿಯ ಒಳಗಿನ ಚೀಟಿಯಲ್ಲಿ ಪುಟ್ಟ ಇಸ್ತ್ರಿ ಪೆಟ್ಟಿಗೆಯ ಚಿತ್ರ ಹುಡುಕಿ. ಅದರೊಳಗೆ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿಯಿದ್ದರೆ ಕಡಿಮೆ ಬಿಸಿ, ಎರಡಿದ್ದರೆ ಮಧ್ಯಮ, ಮೂರಿದ್ದರೆ ಹೆಚ್ಚು. ಹತ್ತಿ ಮೂರು ಚುಕ್ಕಿಯ ಬಿಸಿಯನ್ನೂ ತಾಳುತ್ತದೆ. ಪಾಲಿಯೆಸ್ಟರ್ ತಾಳುವುದಿಲ್ಲ. ಇಸ್ತ್ರಿ ಮಾಡುವ ದೊಡ್ಡವರಿಗೆ ಆ ಚುಕ್ಕಿ ತೋರಿಸಿ.

ಎರಡು: ಹತ್ತಿಯ ಎರಡು ಕರವಸ್ತ್ರ ಒದ್ದೆ ಮಾಡಿ ಹಿಂಡಿ. ಒಂದನ್ನು ಮುದುಡಿ ಉಂಡೆ ಮಾಡಿ ಇಡಿ. ಇನ್ನೊಂದನ್ನು ಊಟದ ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಅಂಗೈಯಿಂದ ಸವರಿ ಚಪ್ಪಟೆಯಾಗಿ ಅಂಟಿಸಿ. ಎರಡೂ ಪೂರ್ತಿ ಒಣಗುವವರೆಗೆ ಕಾಯಿರಿ. ಕೆಂಡವಿಲ್ಲ, ಕರೆಂಟಿಲ್ಲ, ಆದರೂ ತಟ್ಟೆಯ ಮೇಲಿನದು ಇಸ್ತ್ರಿಯಾಗಿರುತ್ತದೆ.

ನಡುವೆ ಎತ್ತಿ ನೋಡುವ ಆಸೆಯಾಗುತ್ತದೆ. ಪುಟ್ಟಿಗೂ ಆಗಿತ್ತು. ಕಾಂಪೌಂಡಿನ ಆಚೆಯಿಂದ ಧ್ವನಿ ಬಂತು: “ಆರಲಿ ಬಿಡು ಕಂದ!”